ಹಿಂದೆ ಬಿಟ್ಟ ಗೆರೆ: ಫ್ಯಾಟ್ ಬೈಕ್ ಜೊತೆ ನನ್ನ ಮೊದಲ ಹಿಮಗಾಲ

ಮನೆಯಿಂದ ಹೊರಡುವಾಗಲೇ ಎರಡೂ ಟೈರಿಗೆ ಭರ್ತಿ ಗಾಳಿ ಹಾಕಿಕೊಂಡು ಬಂದಿದ್ದೆ. ಸೈಕಲ್ಲು ಅಂದರೆ ಫ್ಯಾಟ್ ಬೈಕ್, ತುಂಬಾ ದಪ್ಪ ಟೈರಿನದು; ನನ್ನದಲ್ಲ, ಒಂದು ದಿನದ ಬಾಡಿಗೆಗೆ ತಂದದ್ದು. ಹಾಗಾಗಿ ಜೋಪಾನ ಸ್ವಲ್ಪ ಜಾಸ್ತಿಯೇ ಇತ್ತು. ಕಾಡಿನ ಹಾದಿ ಶುರುವಾಗುವ ಕಡೆ ಗೆಳತಿ ಕಾಯುತ್ತಿದ್ದಳು. ಆರು ಚಳಿಗಾಲದಿಂದ ಹಿಮದಲ್ಲಿ ಸೈಕಲ್ ಹೊಡೆಯುತ್ತಿರುವವಳು ಅವಳು. ನನ್ನ ಮುಂದಿನ ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಳು. ಏನೂ ಹೇಳಲಿಲ್ಲ.

“ಒಂದಿಪ್ಪತ್ತು ಅಡಿ ಹೋಗು. ಅಲ್ಲಿ ಇಳಿದು, ಹಿಂದೆ ತಿರುಗಿ ನಿನ್ನ ಗೆರೆ ನೋಡು” ಅಂದಳು.

ಹೋದೆ. ಇಪ್ಪತ್ತು ಅಡಿ ದಾಟುವುದಕ್ಕೇ ಸೈಕಲ್ಲು ಅತ್ತಿತ್ತ ಓಲಾಡಿತು. ಇಳಿದು ನೋಡಿದರೆ ಹಿಮದಲ್ಲಿ ಒಂದು ಕಾಲುವೆ. ಮೂರು ಬೆರಳು ಆಳ, ಎರಡೂ ಕಡೆ ಚಾಕುವಿನಲ್ಲಿ ಕೊಯ್ದಂಥ ಗೋಡೆ. ನೇರವಾಗಿಯೂ ಇರಲಿಲ್ಲ, ಹಾವು ಹರಿದ ಹಾಗಿತ್ತು.

ಅವಳು ಗ್ಲೌಸ್ ಕಳಚಿ ಕೂತು ವಾಲ್ವ್ ಒತ್ತಿ ಹಿಡಿದಳು. ಸುಯ್ಯೆಂದು ಗಾಳಿ ಹೋಗುತ್ತಲೇ ಇತ್ತು. ನನಗೆ ಜೀವ ತಡೆಯಲಿಲ್ಲ. “ಸಾಕಲ್ವಾ?” ಅಂದೆ. “ಇನ್ನೂ ಇದೆ” ಅಂದಳು. ಸೀಟಿನ ಮೇಲೆ ಕೂತರೆ ಟೈರಿನ ಪಕ್ಕೆಯಲ್ಲಿ ಸಣ್ಣ ಸುಕ್ಕು ಏಳುವವರೆಗೂ ಬಿಟ್ಟಳು. ನನ್ನ ಕಣ್ಣಿಗೆ ಅದು ಪಂಕ್ಚರ್ ಆದ ಸೈಕಲ್ಲೇ. ಅದೇ ಗೆರೆಯ ಪಕ್ಕದಲ್ಲಿ ಮತ್ತೆ ಇಪ್ಪತ್ತು ಅಡಿ ಓಡಿಸಿದೆ. ಈ ಸಲ ಹಿಂದೆ ತಿರುಗಿದಾಗ ಕಾಲುವೆ ಇರಲಿಲ್ಲ. ಅಂಗೈ ಅಗಲದ ಒಂದು ಪಟ್ಟಿ ಇತ್ತು. ಆಳ ಅರ್ಧ ಬೆರಳಿಗಿಂತ ಕಡಿಮೆ. ಟೈರಿನ ಒಂದೊಂದು ಗುಬುಟೂ ಅಚ್ಚೊತ್ತಿದಂತೆ ಎದ್ದು ಕಾಣುತ್ತಿತ್ತು. ಎರಡೂ ಗೆರೆ ಅಕ್ಕಪಕ್ಕ ಬಿದ್ದಿದ್ದವು. ಸೈಕಲ್ಲು ಒಂದೇ, ಸವಾರಿ ಮಾಡಿದವರೂ ಒಬ್ಬರೇ, ನಡುವೆ ಐದು ನಿಮಿಷ ಕಳೆದಿತ್ತು ಅಷ್ಟೇ.

ಆ ಚಳಿಗಾಲದಲ್ಲಿ ನಾನು ಕಲಿತದ್ದೆಲ್ಲ ಆ ಎರಡು ಗೆರೆಯ ಮುಂದುವರಿಕೆಯೇ.

ಅದಕ್ಕೂ ಮೊದಲು ಹಿಮ ಬಿತ್ತೆಂದರೆ ನನ್ನ ಸೈಕಲ್ಲು ಗೋಡೆಯ ಕೊಕ್ಕೆಗೆ ನೇತು ಬೀಳುತ್ತಿತ್ತು. ಕರಗುವ ತನಕ ಅದರ ಕಡೆ ನೋಡುತ್ತಿರಲಿಲ್ಲ. ತೆಳು ಟೈರು ಹಿಮದಲ್ಲಿ ಹೂತುಹೋಗುತ್ತದೆ, ಮಂಜುಗಡ್ಡೆಯ ಮೇಲೆ ಜಾರುತ್ತದೆ. ಇಷ್ಟು ಗೊತ್ತಿತ್ತು, ಇಷ್ಟಕ್ಕೇ ಸುಮ್ನೆ ಕೂತಿದ್ದೆ. ಗೆಳತಿ ಮೂರು ವರ್ಷದಿಂದ ಕರೆಯುತ್ತಿದ್ದಳು. “ಕೊಳ್ಳಬೇಡ, ಮೊದಲು ಬಾಡಿಗೆಗೆ ತಗೋ, ಎರಡು ಮೂರು ಸಲ ಓಡಿಸು, ಆಮೇಲೆ ನೋಡೋಣ” ಎಂದಿದ್ದಳು. ಹೊಸಬರಿಗೆ ನಾನೂ ಅದನ್ನೇ ಹೇಳುತ್ತೇನೆ. ಮೂರು ಸಲ ಬಾಡಿಗೆಗೆ ತಂದಾಗ ಮೂರು ಬೇರೆ ಬೇರೆ ಸೈಕಲ್ ಸಿಕ್ಕವು. ನನಗೆ ಏನು ಬೇಕು, ಏನು ಬೇಡ ಎಂಬುದು ಅದರಿಂದಲೇ ತಿಳಿಯಿತು.

ನೋಡಲು ಫ್ಯಾಟ್ ಬೈಕ್ ದೈತ್ಯನ ಹಾಗಿರುತ್ತದೆ. ಮಾಮೂಲಿ ಮೌಂಟನ್ ಬೈಕಿನ ಟೈರು ಎರಡೂಕಾಲು ಇಂಚಿನ ಆಸುಪಾಸು. ಇದರದ್ದು 3.8 ಇಂಚಿನಿಂದ 5 ಇಂಚಿನವರೆಗೂ ಇರುತ್ತದೆ. ಅಷ್ಟು ದಪ್ಪದ ಟೈರು ಕೂರಬೇಕೆಂದರೆ ರಿಮ್ಮೂ ಅಗಲ ಆಗಬೇಕು, ಫ್ರೇಮು, ಮುಂದಿನ ಚಕ್ರ ಹಿಡಿಯುವ ಫೋರ್ಕೂ ಅಗಲ ಆಗಬೇಕು. ಎರಡು ಪೆಡಲ್‌ಗಳ ನಡುವಿನ ಅಂತರವೂ ಜಾಸ್ತಿ. ಮೊದಲ ದಿನ ತೊಡೆಯ ಒಳಭಾಗ ಸ್ವಲ್ಪ ನೋಯುವುದು ಅದರಿಂದಲೇ. ಮೂರನೇ ಸವಾರಿಗೆ ಅದು ಮರೆತೇ ಹೋಗುತ್ತದೆ.

ಆ ರಾತ್ರಿ ಮನೆಗೆ ಬಂದು ಇದರ ಹುಟ್ಟಿನ ಕಥೆ ಓದಿದೆ. ಅಲಾಸ್ಕಾದಲ್ಲಿ 1987ರಲ್ಲಿ ಇಡಿಟಾಬೈಕ್ ಎಂಬ ರೇಸ್ ಶುರುವಾಯಿತು. ನಾಯಿಗಳು ಎಳೆಯುವ ಜಾರುಬಂಡಿಗಳ ಹಾದಿಯಲ್ಲಿ ಸೈಕಲ್ ರೇಸು. ಆಗ ಇದ್ದದ್ದು ತೆಳು ಟೈರುಗಳೇ. ಹೂತು ಹೂತು ಸಾಕಾಗಿ ಜನ ಎರಡು ರಿಮ್ಮುಗಳನ್ನು ಜೋಡಿಸಿ ಬೆಸೆದು ಅಗಲ ಮಾಡಿಕೊಂಡರು. ಅಲ್ಲಿನ ಫೇರ್‌ಬ್ಯಾಂಕ್ಸ್ ಊರಿನ ಸೈಮನ್ ರಾಕವರ್ 44 ಮಿ.ಮೀ. ಅಗಲದ ‘ಸ್ನೋಕ್ಯಾಟ್’ ರಿಮ್ ಮಾಡಿದರು. ಅತ್ತ ನ್ಯೂ ಮೆಕ್ಸಿಕೋ ಕಡೆ ರೇ ಮೊಲಿನಾ ಮರಳಿನಲ್ಲಿ ಓಡಿಸಲೆಂದು ಅದಕ್ಕಿಂತ ಅಗಲದ ರಿಮ್ಮು, ಟೈರು ಮಾಡಿಸಿದ್ದರು. 2005ರಲ್ಲಿ ಸರ್ಲಿ ಕಂಪನಿ ‘ಪಗ್ಸ್‌ಲಿ’ ಎಂಬ ಸೈಕಲ್ ಬಿಟ್ಟಿತು. 65 ಮಿ.ಮೀ. ರಿಮ್, 3.7 ಇಂಚಿನ ಟೈರ್. ಅಲ್ಲಿಯವರೆಗೆ ಕೆಲವೇ ಜನ ತಮ್ಮ ಕೈಯಾರೆ ಮಾಡಿಕೊಳ್ಳುತ್ತಿದ್ದ ಸೈಕಲ್ಲು ಅಂದಿನಿಂದ ಅಂಗಡಿಗೆ ಬಂತು. 2014ರ ಜನವರಿಯಲ್ಲಿ ಡೇನಿಯಲ್ ಬರ್ಟನ್ ಎಂಬುವರು ಅಂಟಾರ್ಕ್ಟಿಕಾದ ಅಂಚಿನಿಂದ ಹೊರಟು ಇಂಥ ಸೈಕಲ್ಲಿನಲ್ಲೇ ದಕ್ಷಿಣ ಧ್ರುವ ಮುಟ್ಟಿದರು. ಇಷ್ಟೆಲ್ಲ ಜನ, ಇಷ್ಟೆಲ್ಲ ವರ್ಷ ತಲೆ ಕೆಡಿಸಿಕೊಂಡದ್ದು ಒಂದೇ ವಿಷಯಕ್ಕೆ: ಚಕ್ರ ಹಿಮದಲ್ಲಿ ಹೂತುಹೋಗಬಾರದು.

ಚಕ್ರ ಹೂತುಹೋಗದೆ ಇರಲು ಬೇಕಾದದ್ದು ಗಾಳಿಯ ಲೆಕ್ಕ. ನಿಮ್ಮ ತೂಕವನ್ನು ಹೊರುವುದು ಟೈರಿನೊಳಗಿನ ಗಾಳಿ. ಒತ್ತಡ ಅರ್ಧಕ್ಕೆ ಇಳಿದರೆ, ಅದೇ ತೂಕ ಹೊರಲು ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಎರಡರಷ್ಟು ಆಗಬೇಕು. ಹರಡಿಕೊಂಡ ಟೈರು ಹಿಮದ ಮೇಲೆ ತೇಲುತ್ತದೆ. ಟೈರಿನ ಗಾಳಿಯ ಒತ್ತಡವನ್ನು ಅಳೆಯುವುದು ಪಿಎಸ್‌ಐನಲ್ಲಿ. ಮೌಂಟನ್ ಬೈಕಿಗೆ 25 ಪಿಎಸ್‌ಐ ಹಾಕುವ ಕೈ ಇಲ್ಲಿ 4ಕ್ಕೋ 6ಕ್ಕೋ ನಿಲ್ಲಬೇಕು. ಗಟ್ಟಿ ಹಾದಿಯಾದರೆ 8. ಪುಡಿ ಪುಡಿ ಹೊಸ ಹಿಮವಾದರೆ 3ಕ್ಕೂ ಇಳಿಯಬೇಕಾಗುತ್ತದೆ. ಈ ಮಟ್ಟದಲ್ಲಿ ಒಂದೊಂದು ಪಿಎಸ್‌ಐಗೂ ಸವಾರಿಯ ರುಚಿಯೇ ಬದಲಾಗುತ್ತದೆ. ಮನೆಯ ಪಂಪಿನ ಗೇಜ್ 100 ದಾಟಿ ಅಳೆಯುವಂಥದ್ದು. 5ರಲ್ಲಿ ಅದರ ಮುಳ್ಳು ಅಲುಗಾಡುವುದೂ ಕಷ್ಟ. 15ರವರೆಗೆ ಮಾತ್ರ ಅಳೆಯುವ ಸಣ್ಣ ಗೇಜೊಂದು ತಗೊಂಡೆ. ಮೊದಲ ಚಳಿಗಾಲದಲ್ಲಿ ಕೊಂಡ ಸಾಮಾನಿನಲ್ಲೆಲ್ಲ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ.

ಒಂದು ವಿಷಯ ನನ್ನನ್ನು ಎರಡು ವಾರ ಸತಾಯಿಸಿತು. ಮನೆಯೊಳಗೆ ಅಳೆದು ಸರಿಯಾಗಿ 8 ಹಾಕಿಕೊಂಡು ಹೋಗುತ್ತಿದ್ದೆ. ಹಾದಿಯಲ್ಲಿ ಟೈರು ಅತಿ ಮೆತ್ತಗಾಗುತ್ತಿತ್ತು. ಎಲ್ಲೋ ಸೋರುತ್ತಿದೆ ಎಂದುಕೊಂಡು ಟ್ಯೂಬ್ ಬಿಚ್ಚಿ ನೀರಲ್ಲಿ ಮುಳುಗಿಸಿ ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಆಮೇಲೆ ಕಾಗದ ಹಿಡಿದು ಲೆಕ್ಕ ಹಾಕಿದೆ. ಮನೆಯೊಳಗೆ 20 ಡಿಗ್ರಿ, ಹೊರಗೆ ಮೈನಸ್ 10. ಚಳಿಗೆ ಗಾಳಿ ಕುಗ್ಗುತ್ತದೆ. ಗೇಜ್ ತೋರಿಸುವುದು ಹೊರಗಿನ ವಾತಾವರಣದ ಒತ್ತಡಕ್ಕಿಂತ ಎಷ್ಟು ಜಾಸ್ತಿ ಇದೆ ಎಂಬುದನ್ನು ಮಾತ್ರ. ಆದರೆ ಕುಗ್ಗುವುದು ಒಳಗಿರುವ ಪೂರ್ತಿ ಒತ್ತಡ. ಸಮುದ್ರ ಮಟ್ಟದ ಲೆಕ್ಕದಲ್ಲಿ 8 ಎಂದು ತೋರಿಸುವ ಟೈರಿನೊಳಗೆ ವಾತಾವರಣದ 14.7 ಸೇರಿ ನಿಜಕ್ಕೂ ಇರುವುದು 22.7. ಅದರಲ್ಲಿ ಹತ್ತನೇ ಒಂದು ಭಾಗ ಹೋದರೆ ಗೇಜಿನಲ್ಲಿ ಉಳಿಯುವುದು 5.7. ಸೋರಿಕೆ ಇರಲೇ ಇಲ್ಲ! ಅವತ್ತಿನಿಂದ ಸೈಕಲ್ಲನ್ನು ಅರ್ಧ ಗಂಟೆ ಹೊರಗೆ ನಿಲ್ಲಿಸಿ, ಅದು ತಣ್ಣಗಾದ ಮೇಲೆ ಹಾದಿಯ ಬಾಯಲ್ಲೇ ಗಾಳಿ ನೋಡುತ್ತೇನೆ.

ಮುಂದಿನ ಟೈರಿಗೆ ಹಿಂದಿನದಕ್ಕಿಂತ ಅರ್ಧದಿಂದ ಒಂದು ಪಿಎಸ್‌ಐ ಕಡಿಮೆ ಇಡುತ್ತೇನೆ, ಯಾಕೆಂದರೆ ತೂಕ ಹಿಂದೆ ಜಾಸ್ತಿ. ಮುಂದಿನದು ಮಿತಿಮೀರಿ ಇಳಿದರೂ ತೊಂದರೆ. ಗಟ್ಟಿ ಜಾಗದಲ್ಲಿ ಹ್ಯಾಂಡಲ್ಲು ತಾನಾಗಿ ಒಂದು ಕಡೆ ಎಳೆಯತೊಡಗುತ್ತದೆ, ಭುಜ ನೋಯುವಷ್ಟು. ಇನ್ನೊಂದು ಮಾತು: ಹಾದಿಯಲ್ಲಿ ಗಾಳಿ ಬಿಡುವುದು ಸುಲಭ, ವಾಪಸ್ ತುಂಬುವುದು ಕಷ್ಟ. ಇಷ್ಟು ದೊಡ್ಡ ಟೈರಿಗೆ ಕೈಪಂಪಿನಲ್ಲಿ ಎರಡು ಪಿಎಸ್‌ಐ ಏರಿಸಲು ನಾನು ನೂರರ ಹತ್ತಿರ ಒತ್ತಿದ್ದೇನೆ. ಆದರೂ ಪಂಪ್ ಇಲ್ಲದೆ ಹೊರಡಬೇಡಿ.

ಓಡಿಸುವುದಕ್ಕೆ ಬರುತ್ತೇನೆ. ಬೇಸಿಗೆಯ ಅಭ್ಯಾಸಗಳು ಇಲ್ಲಿ ಅರ್ಧ ನಡೆಯುವುದಿಲ್ಲ. ಏರು ಬಂದರೆ ಸೀಟಿನಿಂದ ಎದ್ದು ತುಳಿಯುವುದು ನನ್ನ ರೂಢಿ. ಹಿಮದಲ್ಲಿ ಎದ್ದ ಕೂಡಲೇ ಹಿಂದಿನ ಚಕ್ರದ ಮೇಲಿನ ಭಾರ ಹೋಗಿ ಅದು ನಿಂತಲ್ಲೇ ಗಿರ್ರನೆ ತಿರುಗಿತು, ಗುಂಡಿ ತೋಡಿತು, ನಾನು ಪಕ್ಕಕ್ಕೆ ಉರುಳಿದೆ. ಕೂತೇ ತುಳಿಯಬೇಕು. ಸಣ್ಣ ಗೇರಿನಲ್ಲಿ, ಒಂದೇ ಸಮನೆ. ಪಾದ ಕೆಳಗೆ ಹೋದಾಗ ಜೋರು, ಮೇಲೆ ಬಂದಾಗ ಸಡಿಲ ಎಂಬ ತುಳಿತ ಇಲ್ಲಿ ಕೂಡದು. ಪೂರ್ತಿ ಸುತ್ತಿನಲ್ಲೂ ಒಂದೇ ಒತ್ತಡ ಇರಬೇಕು. ತಿರುವಿನಲ್ಲಿ ಸೈಕಲ್ಲನ್ನು ವಾಲಿಸುವ ಆಸೆ ಬಿಡಬೇಕು. ಹ್ಯಾಂಡಲ್ ಮೆಲ್ಲಗೆ ತಿರುಗಿಸಬೇಕು. ಬ್ರೇಕೂ ಅಷ್ಟೇ, ಹಿಂದಿನದು ಮೊದಲು, ಮುಂದಿನದು ಸವರಿದ ಹಾಗೆ.

ಎಲ್ಲಕ್ಕಿಂತ ಕಷ್ಟವಾದದ್ದು ಕೈ ಸಡಿಲ ಬಿಡುವುದು. ಮುಂದಿನ ಚಕ್ರ ಹಿಮದಲ್ಲಿ ಸ್ವಲ್ಪ ಅತ್ತಿತ್ತ ಹುಡುಕಾಡುತ್ತದೆ. ಅದು ಅದರ ಸ್ವಭಾವ. ನಾನು ಹೆದರಿ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದು ಪ್ರತಿ ಅಲುಗಾಟವನ್ನೂ ತಿದ್ದಲು ಹೋಗುತ್ತಿದ್ದೆ. ತಿದ್ದಿದಷ್ಟೂ ಓಲಾಟ ಜಾಸ್ತಿ. ಗೆಳತಿ ಹಿಂದಿನಿಂದ ಬರುತ್ತಾ “ಬಿಡು, ಅದೇ ದಾರಿ ಹುಡುಕಿಕೊಳ್ಳುತ್ತೆ. ಚಕ್ರ ನೋಡಬೇಡ, ದೂರ ನೋಡು” ಎಂದು ಕೂಗುತ್ತಿದ್ದಳು. ನಾಲ್ಕನೇ ಸವಾರಿಯಲ್ಲಿ, ಯಾವ ಕ್ಷಣದಲ್ಲಿ ಎಂದು ಹೇಳಲಾರೆ, ಕೈ ತಾನಾಗಿ ಸಡಿಲವಾಯಿತು. ಸೈಕಲ್ಲು ನೇರ ಹೋಯಿತು. ಇಳಿದು ಗೆರೆ ನೋಡಿದೆ. ಹಾವು ಹೋಗಿ ಹಗ್ಗ ಆಗಿತ್ತು.

ಬೀಳುವುದು ಇದ್ದೇ ಇದೆ. ಹಿಮ ಮೆತ್ತಗಿರುತ್ತದೆ, ವೇಗವೂ ಗಂಟೆಗೆ ಎಂಟು ಹತ್ತು ಕಿಲೋಮೀಟರ್, ಹಾಗಾಗಿ ಪೆಟ್ಟು ಅಪರೂಪ. ಆದರೆ ಒಂದು ಗುಟ್ಟು ಗೊತ್ತಿರಲಿ. ಹಾದಿಯ ನಡುಭಾಗ ತುಳಿದು ಗಟ್ಟಿಯಾಗಿರುತ್ತದೆ, ಅಂಚು ಹಾಗಲ್ಲ. ಆಯ ತಪ್ಪಿತೆಂದು ಪಕ್ಕಕ್ಕೆ ಕಾಲೂರಿದರೆ ಮೊಣಕಾಲಿನವರೆಗೂ ಹೂತುಹೋಗುತ್ತದೆ, ಸೈಕಲ್ಲು ಮೇಲೆ ಬೀಳುತ್ತದೆ. ಮೊದಲ ಕೆಲವು ದಿನ ಸೀಟನ್ನು ಎರಡು ಬೆರಳು ಇಳಿಸಿಕೊಂಡೆ. ಕಾಲು ಬೇಗ ನೆಲ ಮುಟ್ಟುವಂತಾಗಿ ಧೈರ್ಯ ಬಂತು.

ಇನ್ನು ಚಳಿ. ಇದರಲ್ಲಿ ನನ್ನ ಲೆಕ್ಕ ಪೂರ್ತಿ ತಲೆಕೆಳಗಾಗಿತ್ತು. ಚಳಿಗೆ ಹೆದರಿ ಇದ್ದಬದ್ದದ್ದನ್ನೆಲ್ಲ ಹಾಕಿಕೊಂಡು ಹೋಗಿದ್ದೆ. ಒಳಗೊಂದು ಹತ್ತಿಯ ಬನಿಯನ್, ಮೇಲೆ ದಪ್ಪ ಜಾಕೆಟ್. ಅರ್ಧ ಗಂಟೆಗೆ ಬೆನ್ನು ತೊಯ್ದು ಹೋಯಿತು. ಗಂಟೆಗೆ ಎಂಟು ಕಿಲೋಮೀಟರ್ ಹೋಗುತ್ತಿದ್ದರೂ ಮೈ ಮಾತ್ರ ಬೆಟ್ಟ ಹತ್ತುವಷ್ಟು ದುಡಿಯುತ್ತಿರುತ್ತದೆ. ಆಮೇಲೆ ಒಂದು ಉದ್ದ ಇಳಿಜಾರು. ಪೆಡಲ್ ತುಳಿಯುವ ಕೆಲಸವಿಲ್ಲ, ಎದುರು ಗಾಳಿ, ಒದ್ದೆ ಹತ್ತಿ ಬೆನ್ನಿಗೆ ಅಂಟಿಕೊಂಡಿದೆ. ಕೆಳಗೆ ಮುಟ್ಟುವಷ್ಟರಲ್ಲಿ ಹಲ್ಲು ಕಟಕಟ ಅನ್ನುತ್ತಿತ್ತು. ಹತ್ತಿ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ, ಉಣ್ಣೆ ಒದ್ದೆಯಾದರೂ ತಕ್ಕಮಟ್ಟಿಗೆ ಬೆಚ್ಚಗಿಡುತ್ತದೆ. ಈಗ ಮೈಗೆ ತಾಗುವಂತೆ ತೆಳು ಉಣ್ಣೆ, ಮೇಲೊಂದು ನಡುವಿನ ಪದರ, ಅದರ ಮೇಲೆ ಗಾಳಿ ತಡೆಯುವ ತೆಳು ಜಾಕೆಟ್. ದಪ್ಪನೆಯದು ಬ್ಯಾಗಿನಲ್ಲಿ, ನಿಂತಾಗ ಹಾಕಿಕೊಳ್ಳಲು. ಹೊರಡುವ ಹೊತ್ತಿಗೆ ಸ್ವಲ್ಪ ಚಳಿ ಅನಿಸಬೇಕು. ಹತ್ತು ನಿಮಿಷಕ್ಕೆ ಸರಿಹೋಗುತ್ತದೆ.

ಕೈಗೆ ‘ಪೋಗಿ’ ಅಂತ ಬರುತ್ತದೆ. ಹ್ಯಾಂಡಲ್ಲಿಗೇ ಕಟ್ಟುವ ದಪ್ಪ ಚೀಲ. ಬ್ರೇಕು, ಗೇರು ಎಲ್ಲ ಅದರೊಳಗೇ ಇರುತ್ತವೆ, ಕೈಯನ್ನು ಅದರಲ್ಲಿ ತೂರಿಸಿದರೆ ಆಯಿತು. ಮೈನಸ್ 15ರಲ್ಲೂ ಒಳಗೆ ತೆಳು ಗ್ಲೌಸ್ ಸಾಕು. ದಪ್ಪ ಗ್ಲೌಸ್ ಹಾಕಿ ಬ್ರೇಕ್ ಹುಡುಕುವ ಪಾಡು ತಪ್ಪುತ್ತದೆ.

ಕಾಲಿನ ವಿಷಯ ಇಷ್ಟು ಸಲೀಸಾಗಿ ಮುಗಿಯಲಿಲ್ಲ. ಬೇಸಿಗೆಯ ಸೈಕಲ್ ಶೂ, ಒಳಗೆ ಎರಡು ಜೊತೆ ಸಾಕ್ಸ್, ಹೀಗೆ ಹೋಗಿದ್ದೆ ಒಂದು ದಿನ. ಪೆಡಲ್ಲಿಗೆ ಸಿಕ್ಕಿಸಲು ಆ ಶೂವಿನ ಅಡಿಯಲ್ಲಿ ಒಂದು ಲೋಹದ ತುಂಡು ಇರುತ್ತದೆ. ಪಾದದ ಬಿಸಿಯನ್ನೆಲ್ಲ ಅದು ಹೀರಿ ಹೊರಗೆ ಕಳಿಸುತ್ತದೆ. ಎರಡು ಜೊತೆ ಸಾಕ್ಸಿನಿಂದ ಶೂ ಬಿಗಿಯಾಗಿ ರಕ್ತ ಓಡಾಡಲೂ ಜಾಗವಿಲ್ಲ. ಮೊದಲು ಬೆರಳು ನೋಯುತ್ತಿತ್ತು. ಸ್ವಲ್ಪ ಹೊತ್ತಿಗೆ ನೋವು ನಿಂತಿತು. ಪರವಾಗಿಲ್ಲ, ಅಭ್ಯಾಸವಾಯಿತು ಎಂದುಕೊಂಡೆ. ಗೆಳತಿಗೆ ಹೇಳಿದ್ದೇ ತಡ, ಅಲ್ಲೇ ಸೈಕಲ್ ನಿಲ್ಲಿಸಿಬಿಟ್ಟಳು. “ನೋವು ನಿಂತಿದ್ದೇ ಕೆಟ್ಟದ್ದು. ಇಳಿ. ನಡಿ” ಅಂದಳು. ಇಬ್ಬರೂ ಸೈಕಲ್ ತಳ್ಳಿಕೊಂಡು ಒಂದು ಕಿಲೋಮೀಟರ್ ಏರು ನಡೆದೆವು. ಕಾಲಿಗೆ ಜೀವ ವಾಪಸ್ ಬರುವಾಗ ಕಣ್ಣಲ್ಲಿ ನೀರು ಬಂತು, ಅಷ್ಟು ಉರಿ. ಮನೆಯಲ್ಲಿ ಸಾಕ್ಸ್ ಕಳಚಿದರೆ ಕಿರುಬೆರಳು ಮೇಣದ ಹಾಗೆ ಬೆಳ್ಳಗಿತ್ತು. ಸಂಜೆಗೆ ಕೆಂಪಾಯಿತು. ನನ್ನ ಅದೃಷ್ಟ, ಅಲ್ಲಿಗೇ ನಿಂತಿತು. ಈಗ ಒಂದು ಸೈಜು ದೊಡ್ಡದಾದ ಚಳಿಗಾಲದ ಬೂಟು, ಒಂದೇ ಜೊತೆ ಉಣ್ಣೆಯ ಸಾಕ್ಸ್, ಸಿಕ್ಕಿಸುವ ಗೋಜಿಲ್ಲದ ಚಪ್ಪಟೆ ಪೆಡಲ್. ಬೂಟಿನೊಳಗೆ ಬೆರಳು ಆಡಿಸಲು ಜಾಗ ಇರಬೇಕು. ಮರಗಟ್ಟಿದೆ ಅನಿಸಿದ ತಕ್ಷಣ ಇಳಿದು ನಡೆಯುತ್ತೇನೆ. ಈ ಒಂದು ವಿಷಯದಲ್ಲಿ ಯಾರೂ ಹಟ ಮಾಡಬಾರದು.

ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡುತ್ತೇನೆ. ಮಂಜುಗಡ್ಡೆ ಮೇಲಿನಿಂದ ಕಟ್ಟುತ್ತಾ ಬರುತ್ತದೆ, ಆಗ ಬಾಯಿಯ ಕಡೆ ನೀರು ನೀರಾಗಿಯೇ ಉಳಿಯುತ್ತದೆ. ಬೆನ್ನಿನ ಚೀಲದಿಂದ ನಳಿಕೆಯಲ್ಲಿ ಹೀರುವವರು ಪ್ರತಿ ಸಲ ಕುಡಿದ ಮೇಲೆ ನಳಿಕೆಯಲ್ಲಿ ಉಳಿದ ನೀರನ್ನು ಊದಿ ಚೀಲಕ್ಕೆ ವಾಪಸ್ ಕಳಿಸಬೇಕು. ಮೊಬೈಲು ಒಳಜೇಬಿನಲ್ಲಿ, ಮೈಗೆ ಹತ್ತಿರ. ಚಳಿಗೆ ಬ್ಯಾಟರಿ ಎಷ್ಟು ಬೇಗ ಇಳಿಯುತ್ತದೆಂದರೆ, 60 ತೋರಿಸುತ್ತಿದ್ದ ಫೋನು ಕಣ್ಣೆದುರೇ ಆರಿಹೋಗಿದೆ.

ಈಗ ಆ ತಪ್ಪಿನ ಬಗ್ಗೆ ಹೇಳಬೇಕು.

ಚಳಿಗಾಲದ ನಡುಮಧ್ಯೆ ಒಂದು ರಜೆಯ ದಿನ. ಬಿಸಿಲು ಬಿದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ತಾಪಮಾನ ಸೊನ್ನೆ ದಾಟಿ 2 ಡಿಗ್ರಿ. ಒಬ್ಬನೇ ಹೊರಟೆ. ಹಾದಿಯ ಬಾಯಲ್ಲಿ ಫಲಕ ಇದೆ: ಟೈರು 3.7 ಇಂಚಿಗಿಂತ ಅಗಲ ಇರಲಿ, ಗಾಳಿ ಕಡಿಮೆ ಇರಲಿ, ಚಕ್ರ ಒಂದು ಇಂಚಿಗಿಂತ ಆಳಕ್ಕೆ ಇಳಿದರೆ ದಯವಿಟ್ಟು ವಾಪಸ್ ಹೋಗಿ. ಅದನ್ನು ಹತ್ತಾರು ಸಲ ಓದಿದ್ದೇನೆ. ನೂರು ಅಡಿ ಹೋಗಿ ಅಭ್ಯಾಸದಂತೆ ಹಿಂದೆ ನೋಡಿದೆ. ಎರಡು ಇಂಚು ಆಳದ ಗೆರೆ, ತಳದಲ್ಲಿ ನೀರು ಜಿನುಗುತ್ತಿತ್ತು. ಗಾಳಿ ಇನ್ನೂ ಇಳಿಸಿದೆ. ಏನೂ ಬದಲಾಗಲಿಲ್ಲ. ಅದು ಟೈರಿನ ದೋಷವಲ್ಲ, ಹಿಮವೇ ಕರಗುತ್ತಿತ್ತು. ವಾಪಸ್ ಹೋಗಬೇಕಿತ್ತು. ಆದರೆ ರಜೆ ಇದ್ದದ್ದು ಅದೊಂದೇ ದಿನ. ನಾಲ್ಕು ಕಿಲೋಮೀಟರ್ ಹೋಗಿ ಬಂದೆ. ಆಮೇಲೆ ಹಿಂದೆ ತಿರುಗಿ ನೋಡಲೇ ಇಲ್ಲ.

ಆ ರಾತ್ರಿ ಮೈನಸ್ 9ಕ್ಕೆ ಇಳಿಯಿತು. ಬೆಳಿಗ್ಗೆ ಗೆಳತಿಯ ಜೊತೆ ಅದೇ ಹಾದಿಗೆ ಹೋದೆ. ನನ್ನ ಗೆರೆ ಅಲ್ಲೇ ಇತ್ತು, ಕಲ್ಲಾಗಿ. ಸಿಮೆಂಟಿನಲ್ಲಿ ಕೊರೆದಂಥ ಗಾಲಿ ಜಾಡು. ಮುಂದೆ ಹೋಗುತ್ತಿದ್ದ ಅವಳ ಚಕ್ರ ಒಂದು ತಿರುವಿನಲ್ಲಿ ಅದರೊಳಗೆ ಇಳಿಯಿತು. ಹ್ಯಾಂಡಲ್ ತಿರುಗಿಸಿದಳು, ಚಕ್ರ ಜಾಡು ಬಿಟ್ಟು ಏಳಲಿಲ್ಲ. ಮೊಣಕೈ ಊರಿ ಬಿದ್ದಳು. ಎದ್ದು ಜಾಕೆಟ್ ಕೊಡವಿಕೊಳ್ಳುತ್ತಾ “ಯಾರೋ ನಿನ್ನೆ ಕರಗುತ್ತಿರುವಾಗ ಓಡಿಸಿದ್ದಾರೆ” ಅಂದಳು.

“ನಾನೇ” ಅಂದೆ.

ಅವಳು ಬೈಯಲಿಲ್ಲ. ಮೊಣಕೈ ಉಜ್ಜಿಕೊಂಡು ಸ್ವಲ್ಪ ಹೊತ್ತು ಆ ಜಾಡನ್ನೇ ನೋಡಿದಳು. “ಹಾದಿ ಹದ ಮಾಡುವವರಿಗೆ ಹೇಳು” ಅಂದಳು, ಅಷ್ಟೇ.

ಸಂಜೆ ಹೋಗಿ ಹೇಳಿದೆ. ಹಿಮದ ಮೇಲೆ ಓಡುವ ಮೋಟಾರು ಗಾಡಿ ಸ್ನೋಮೊಬೈಲ್, ಅದರ ಹಿಂದೆ ಭಾರದ ಚೌಕಟ್ಟು ಕಟ್ಟಿಕೊಂಡು ಹಾದಿ ಸರಿಮಾಡುವ ಹಿರಿಯರೊಬ್ಬರು ಇದ್ದಾರೆ. ಸಂಬಳಕ್ಕಲ್ಲ, ಪ್ರೀತಿಗೆ ಮಾಡುತ್ತಾರೆ. ನನ್ನ ಮಾತು ಪೂರ್ತಿ ಕೇಳಿಸಿಕೊಂಡು “ಬಂದು ಹೇಳಿದಿರಲ್ಲ, ಒಳ್ಳೆಯದಾಯಿತು. ಬಿಡುವಿದ್ದರೆ ಇವತ್ತು ನನ್ನ ಜೊತೆ ಬನ್ನಿ” ಅಂದರು. ಆ ರಾತ್ರಿ, ಆಮೇಲೆ ಇನ್ನೆರಡು ರಾತ್ರಿ ಅವರ ಜೊತೆ ಹೋದೆ. ಗುದ್ದಲಿಯಲ್ಲಿ ನನ್ನ ಜಾಡಿನ ಅಂಚು ಒಡೆಯುವುದು ನನ್ನ ಕೆಲಸ. ಹಿಂದೆ ಬರುವ ಚೌಕಟ್ಟಿನ ಅಲಗುಗಳು ಆ ಹೆಂಟೆಗಳನ್ನು ಪುಡಿಮಾಡಿ, ಮಟ್ಟ ಮಾಡಿ, ಒತ್ತುತ್ತಾ ಹೋಗುತ್ತಿದ್ದವು.

ಹಿಮದ ಬಗ್ಗೆ ನನಗೆ ಕಣ್ಣು ತೆರೆದದ್ದು ಆ ಮೂರು ರಾತ್ರಿಗಳಲ್ಲಿ. ಹೊಸದಾಗಿ ಬಿದ್ದ ಹಿಮದ ಹರಳುಗಳಿಗೆ ಮುಳ್ಳು ಮುಳ್ಳು ಕೈಗಳಿರುತ್ತವೆ, ನಡುವೆಲ್ಲ ಗಾಳಿ. ಅದಕ್ಕೇ ಅದು ಭಾರ ಹೊರುವುದಿಲ್ಲ. ಒಡೆದು ಒತ್ತಿದಾಗ ಹರಳುಗಳು ಒಂದಕ್ಕೊಂದು ತಾಗಿ ಕೂರುತ್ತವೆ. ಆಮೇಲೆ ತಾಗಿದ ಕಡೆ ಮೆಲ್ಲಗೆ ಬೆಸೆದುಕೊಳ್ಳುತ್ತವೆ. ಕರಗಿ ಹೆಪ್ಪುಗಟ್ಟಬೇಕೆಂದಿಲ್ಲ, ಸೊನ್ನೆಯ ಕೆಳಗೇ ಬೆಸೆಯುತ್ತವೆ. ಆದರೆ ಅದಕ್ಕೆ ಗಂಟೆಗಟ್ಟಲೆ ಸಮಯ ಬೇಕು. “ಎಂಟು ಹತ್ತು ಗಂಟೆ ಯಾರೂ ಮುಟ್ಟದೆ ಬಿಟ್ಟರೆ ನೆಲ ಆಗುತ್ತೆ. ಎರಡು ಗಂಟೆಗೇ ಯಾರಾದರೂ ಬಂದರೆ ಮತ್ತೆ ಪುಡಿ” ಅಂದರು ಅವರು. ಅದಕ್ಕೇ ರಾತ್ರಿ ಹದ ಮಾಡಿ ಬೆಳಗಿನವರೆಗೆ ಬಿಡುವುದು. ಮೈನಸ್ 20ರ ಕೆಳಗಿನ ಒಣ ಹಿಮ ಸಕ್ಕರೆಯ ಹಾಗೆ, ಬೇಗ ಬೆಸೆಯುವುದೇ ಇಲ್ಲ. ಟೈರಿನಡಿ ಕಿರ್ ಕಿರ್ ಅನ್ನುತ್ತದೆ, ಮರಳಿನ ಹಾಗೆ ಎಳೆಯುತ್ತದೆ. ಮೈನಸ್ 5ರಿಂದ 12ರ ನಡುವೆ, ಹಿಂದಿನ ರಾತ್ರಿ ಹದ ಮಾಡಿದ ಹಾದಿ, ಇದು ನನಗೆ ಎಲ್ಲಕ್ಕಿಂತ ಪ್ರಿಯ.

ಆ ರಾತ್ರಿಗಳಲ್ಲೇ ಅವರು ಸ್ಕೀ ಜಾಡುಗಳನ್ನೂ ತೋರಿಸಿದರು. ಹಾದಿಯ ಒಂದು ಬದಿಯಲ್ಲಿ ಎರಡು ಸಮಾನಾಂತರ ಗೀರು, ಹಳಿಗಳ ಹಾಗೆ. ಅದರ ಮೇಲೆ ಚಕ್ರ ಹೋದರೆ ಸ್ಕೀ ಮಾಡುವವರಿಗೆ ಆ ಜಾಡೇ ಹಾಳು. ನಾವು ಇನ್ನೊಂದು ಬದಿಯಲ್ಲೇ ಹೋಗಬೇಕು. ಎದುರು ಸ್ಕೀ ಬಂದರೆ ನಿಂತು ದಾರಿ ಬಿಡಬೇಕು, ಇಳಿಜಾರಿನಲ್ಲಿ ನಮ್ಮಷ್ಟು ಬೇಗ ನಿಲ್ಲಿಸಲು ಅವರಿಗೆ ಆಗುವುದಿಲ್ಲ. ಸೈಕಲ್ಲಿಗೆ ಅವಕಾಶವೇ ಇಲ್ಲದ ಹಾದಿಗಳೂ ಇವೆ, ಅಲ್ಲಿಗೆ ಹೋಗಬಾರದು. ಯಾರೋ ರಾತ್ರಿ ನಿದ್ದೆಗೆಟ್ಟು ಮಾಡಿದ್ದನ್ನು ನಾವು ಬೆಳಿಗ್ಗೆ ಬಳಸುತ್ತೇವೆ. ಗುದ್ದಲಿ ಹಿಡಿದ ಮೇಲೆ ಅದು ನನಗೆ ಬರೀ ಫಲಕದ ಮೇಲಿನ ನಿಯಮವಾಗಿ ಉಳಿಯಲಿಲ್ಲ.

ಸೈಕಲ್ ಕೊಂಡದ್ದು ಅದಾದ ವಾರಕ್ಕೆ. ಯಾರೋ ಒಂದು ಚಳಿಗಾಲ ಓಡಿಸಿ ಮಾರಿದ್ದು. 4.5 ಇಂಚಿನ ಟೈರ್, ಸಸ್ಪೆನ್ಷನ್ ಇಲ್ಲದ ಫೋರ್ಕ್. ಇಷ್ಟು ಮೆತ್ತಗಿನ ಟೈರೇ ಹಿಮದಲ್ಲಿ ಸಸ್ಪೆನ್ಷನ್ ಕೆಲಸ ಮಾಡುತ್ತದೆ, ಬೇರೆ ಬೇಕೆಂದು ನನಗೆ ಅನಿಸಿಲ್ಲ. ಮೊಳೆ ಟೈರು ಬೇಕೇ ಎಂದು ತುಂಬಾ ಜನ ಕೇಳುತ್ತಾರೆ. ಬರೀ ಹಿಮಕ್ಕೆ ಬೇಡ. ಕರಗಿ ಹೆಪ್ಪುಗಟ್ಟಿದ ಮಂಜುಗಡ್ಡೆ ಇರುವ ಕಡೆ ಬೇಕೇ ಬೇಕು, ಅಲ್ಲಿ ಅಗಲದಿಂದ ಏನೂ ಪ್ರಯೋಜನವಿಲ್ಲ. ದುಡ್ಡು ಸಾಲದಿದ್ದರೆ ಮೊದಲು ಮುಂದಿನ ಚಕ್ರಕ್ಕೆ ಹಾಕಿಸಿ. ಹಿಂದಿನದು ಜಾರಿದರೆ ಸಂಭಾಳಿಸಬಹುದು, ಮುಂದಿನದು ಜಾರಿದರೆ ನೆಲವೇ ಗತಿ.

ಚಳಿ ಸೈಕಲ್ಲಿಗೂ ಆಗುತ್ತದೆ ಎಂದು ಗೊತ್ತಾದದ್ದು ಕೊಂಡ ಎರಡನೇ ವಾರ. ಹಿಂದಿನ ದಿನ ಕೊಳೆ ಹೋಗಲೆಂದು ತೊಳೆದು, ಸರಿಯಾಗಿ ಒಣಗಿಸದೆ ಹೊರಗೆ ನಿಲ್ಲಿಸಿದ್ದೆ. ಮರುದಿನ ಆರು ಕಿಲೋಮೀಟರ್ ದೂರದಲ್ಲಿ ಪೆಡಲ್ ಇದ್ದಕ್ಕಿದ್ದಂತೆ ಖಾಲಿ ತಿರುಗತೊಡಗಿತು. ಮುಂದಕ್ಕೆ ತುಳಿದರೂ ಚಕ್ರಕ್ಕೆ ಏನೂ ತಲುಪುತ್ತಿಲ್ಲ. ಹಿಂದಿನ ಚಕ್ರದ ನಡುವಿನ ಹಬ್ ಒಳಗೆ ಹಲ್ಲಿಗೆ ಸಿಕ್ಕಿಕೊಳ್ಳುವ ಸಣ್ಣ ನಾಲಿಗೆಗಳಿರುತ್ತವೆ. ಒಳಗೆ ಉಳಿದ ನೀರು ಹೆಪ್ಪುಗಟ್ಟಿ, ಗ್ರೀಸೂ ಮೇಣವಾಗಿ, ಆ ನಾಲಿಗೆಗಳು ಮೇಲೇಳುತ್ತಿರಲಿಲ್ಲ. ಆರು ಕಿಲೋಮೀಟರ್ ತಳ್ಳಿಕೊಂಡು ಬಂದೆ. ಬ್ಯಾಗಿನಲ್ಲಿ ದಪ್ಪ ಜಾಕೆಟ್ ಇದ್ದದ್ದರಿಂದ ಅದು ಬರೀ ದಣಿವಿನಲ್ಲಿ ಮುಗಿಯಿತು. ಆಮೇಲೆ ಹಬ್ ಬಿಚ್ಚಿಸಿ ಚಳಿಗೆ ಗಟ್ಟಿಯಾಗದ ತೆಳು ಗ್ರೀಸ್ ಹಾಕಿಸಿದೆ. ಬ್ರೇಕಿನ ಎಣ್ಣೆಯೂ ಚಳಿಗೆ ಮಂದವಾಗುತ್ತದೆ, ಹೊರಡುವ ಮೊದಲು ಹತ್ತು ಸಲ ಹಿಡಿದು ಬಿಟ್ಟು ಮಾಡುತ್ತೇನೆ. ಒಬ್ಬನೇ ಹೋಗುವ ದಿನ, ತಳ್ಳಿಕೊಂಡು ವಾಪಸ್ ಬರಬಲ್ಲಷ್ಟು ದೂರಕ್ಕೆ ಮಾತ್ರ ಹೋಗುತ್ತೇನೆ.

ಚಳಿಗಾಲದ ಕೊನೆಗೆ ಗೆಳತಿ ಒಂದು ದಿನ ಬೆಳಗಿನ ಜಾವ ನಾಲ್ಕೂವರೆಗೆ ಫೋನ್ ಮಾಡಿದಳು. “ಬೇಗ ಬಾ. ಇವತ್ತು ಹಾದಿ ಬೇಕಾಗಿಲ್ಲ” ಅಂದಳು. ಅರ್ಥವಾಗಲಿಲ್ಲ. ಹೋದೆ.

ಆ ವಾರವೆಲ್ಲ ಹಗಲು ಬಿಸಿಲು, ರಾತ್ರಿ ಗಡಗಡ ಚಳಿ. ಹಗಲಲ್ಲಿ ಹಿಮದ ಮೇಲ್ಪದರ ಕರಗಿ ನೀರಾಗುತ್ತಿತ್ತು, ರಾತ್ರಿ ಹೆಪ್ಪುಗಟ್ಟುತ್ತಿತ್ತು. ಹಾಗೆ ಮಾಡಿ ಮಾಡಿ ಇಡೀ ಬಯಲಿನ ಮೇಲೆ ಒಂದು ಗಟ್ಟಿ ಪೊರೆ ಕಟ್ಟಿತ್ತು. ಚಳಿಗಾಲವಿಡೀ ಹಾದಿಯಿಂದ ಒಂದಡಿ ಆಚೆ ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುತ್ತಿದ್ದ ಅದೇ ಹಿಮ. ಅವಳು ಹಾದಿ ಬಿಟ್ಟು ನೇರ ಬಯಲಿಗೆ ಇಳಿದಳು. ನಾನು ಅಂಚಿನಲ್ಲಿ ಒಂದು ಕ್ಷಣ ನಿಂತೆ. ಮುಂದಿನ ಚಕ್ರ ಇಳಿಸಿದೆ. ಹಿಮ ಹೊತ್ತುಕೊಂಡಿತು.

ಎಲ್ಲಿ ಬೇಕಾದರೂ ಹೋಗಬಹುದಿತ್ತು. ಬೇಸಿಗೆಯಲ್ಲಿ ಕಾಲಿಡಲಾಗದ ಪೊದೆಗಳು, ಕಲ್ಲುಗಳು, ಎಲ್ಲ ಎರಡಡಿ ಕೆಳಗೆ. ಮರಗಳ ನಡುವೆ ನುಗ್ಗಿದೆವು, ದಿಬ್ಬ ಹತ್ತಿದೆವು, ಇಳಿದೆವು. ಟೈರಿನಡಿ ತೆಳುವಾದ ಒಂದು ಸದ್ದು, ಕಾಗದ ಹರಿದ ಹಾಗೆ. ಬಯಲಿನ ನಡುವೆ ನಿಂತು ಅಭ್ಯಾಸದಂತೆ ಹಿಂದೆ ತಿರುಗಿದೆ. ಗೆರೆ ಇರಲಿಲ್ಲ. ಬಗ್ಗಿ ಮುಖವನ್ನು ನೆಲದ ಹತ್ತಿರ ತಂದು ನೋಡಿದೆ. ಓರೆಯಾಗಿ ಬಿದ್ದ ಬೆಳಕಿನಲ್ಲಿ ಗುಬುಟುಗಳ ಅಚ್ಚು, ಉಗುರಿನಲ್ಲಿ ಗೀರಿದಷ್ಟು.

ಒಂಬತ್ತರ ಹೊತ್ತಿಗೆ ಬಿಸಿಲು ಮರಗಳ ಮೇಲಿಂದ ಇಳಿದು ಬಯಲಿನ ಆಚೆ ತುದಿ ಮುಟ್ಟಿತು. ಅಲ್ಲಿಗೆ ಹೋದವಳು ಕೈಯೆತ್ತಿ ಕೂಗಿದಳು. ಅವಳ ಹಿಂದಿನ ಚಕ್ರ ಒಂದು ಇಂಚು ಇಳಿದಿತ್ತು. ಇಬ್ಬರೂ ಸೈಕಲ್ ತಿರುಗಿಸಿ, ನೆರಳಿದ್ದ ಕಡೆಯಿಂದಲೇ ಹಾದಿಗೆ ವಾಪಸ್ ಬಂದೆವು.